ಡಾ ನಾಂಗ್, ಬಿಯೆನ್ ಹೋವಾ ವಾಯುನೆಲೆಗಳ ಡಯಾಕ್ಸಿನ್ ಮಣ್ಣು: ಕೆಲಸ ನಡೆದ ಕ್ರಮ ಮತ್ತು ಅಂದಾಜು ತಪ್ಪಿದ ಕಾರಣ

ತುಂಗೆದಂಡೆ ಕೇಳಿದ ಪ್ರಶ್ನೆ

ವಿಯೆಟ್ನಾಂ ಯುದ್ಧದಲ್ಲಿ ಕಾಡಿನ ಎಲೆ ಉದುರಿಸಲು ಅಮೆರಿಕದ ಸೇನೆ ಸಿಂಪಡಿಸಿದ ಏಜೆಂಟ್ ಆರೆಂಜ್ ಕುರಿತ ಹೆಚ್ಚಿನ ಬರಹಗಳು ಸಿಂಪಡಣೆಯ ಕಥೆಗೇ ಮುಗಿದುಬಿಡುತ್ತವೆ. ಆಮೇಲೆ ಅಮೆರಿಕ ಮತ್ತು ವಿಯೆಟ್ನಾಂ ಸೇರಿಕೊಂಡು ಡಾ ನಾಂಗ್ ವಾಯುನೆಲೆಯ ಮಣ್ಣು ಶುದ್ಧ ಮಾಡಿದ್ದಾಗಲಿ, ಈಗ ಬಿಯೆನ್ ಹೋವಾದಲ್ಲಿ ಅದಕ್ಕಿಂತ ದೊಡ್ಡ ಕೆಲಸ ಹಿಡಿದಿರುವುದಾಗಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಬಲ್ಲವರು ಇಷ್ಟನ್ನು ಬಿಡಿಸಿ ಹೇಳುವಿರಾ?

ವಿಷ ಸಿಂಪಡಿಸಿದ್ದು ಕಾಡಿಗೆ, ತೊಳೆಯುತ್ತಿರುವುದು ವಾಯುನೆಲೆಯನ್ನು. ಯಾಕೆ ಹೀಗೆ? 2010ರ ಅಂದಾಜಿನಲ್ಲಿ ಡಾ ನಾಂಗ್‌ನ ಕೆಟ್ಟ ಮಣ್ಣು 73,000 ಘನ ಮೀಟರ್ ಎಂದಿತ್ತು, ಕೊನೆಗೆ ಅದರ ಎರಡರಷ್ಟು ಎತ್ತಬೇಕಾಯಿತು. ತಪ್ಪಿದ್ದೆಲ್ಲಿ? ಮಣ್ಣನ್ನು 335 ಡಿಗ್ರಿಗೆ ಕಾಯಿಸಿದರಂತೆ, ಆದರೆ ಮಣ್ಣಿನಲ್ಲಿರುವ ವಿಷ ಡಯಾಕ್ಸಿನ್ ಕುದಿಯುವುದು ಅದಕ್ಕೂ ಮೇಲೆ ಅಲ್ಲವೇ? ಮತ್ತು ಒಂದು ಕಾಲದಲ್ಲಿ ಪರಸ್ಪರ ಹೊಡೆದಾಡಿದ ಎರಡು ಸೇನೆಗಳ ನಡುವೆ ಕೆಲಸ ಹಂಚಿಕೆ ಹೇಗಾಯಿತು?

ಮಣ್ಣುಪರೀಕ್ಷೆ ಉತ್ತರ

ಮೊದಲ ಎರಡು ಪ್ರಶ್ನೆಗಳಿಗೆ ಹೇಳುತ್ತೇನೆ. ಶಾಖದ ವಿಷಯವನ್ನು ಇಲ್ಲಿ ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ.

ಏಜೆಂಟ್ ಆರೆಂಜ್ ಎಂದರೆ 2,4-ಡಿ ಮತ್ತು 2,4,5-ಟಿ ಎಂಬ ಎರಡು ಕಳೆನಾಶಕಗಳ ಸಮಪಾಲಿನ ಮಿಶ್ರಣ. ಡಯಾಕ್ಸಿನ್ ಅನ್ನು ಯಾರೂ ಬೇಕೆಂದು ಬೆರೆಸಲಿಲ್ಲ. 2,4,5-ಟಿ ತಯಾರಿಸುವಾಗ ಉಷ್ಣತೆಯ ಹಿಡಿತ ತಪ್ಪಿದರೆ ಟಿಸಿಡಿಡಿ ಎಂಬ ಡಯಾಕ್ಸಿನ್ ಕಲ್ಮಶವಾಗಿ ಹುಟ್ಟುತ್ತದೆ. 1962ರಿಂದ 1971ರವರೆಗೆ ನಡೆದ ಸಿಂಪಡಣೆಯಲ್ಲಿ ಒಂದು ಹೆಕ್ಟೇರಿಗೆ ಬೀಳುತ್ತಿದ್ದುದು ಸುಮಾರು 28 ಲೀಟರ್. ಎಲೆಯ ಮೇಲೆ ತೆಳ್ಳಗೆ ಹರಡಿದ ಡಯಾಕ್ಸಿನ್ ಬಿಸಿಲಿನ ನೇರಳಾತೀತ ಕಿರಣಕ್ಕೆ ಬೇಗ ಒಡೆಯುತ್ತದೆ. ಮಣ್ಣಿನೊಳಕ್ಕೆ ಇಳಿದದ್ದರ ಸಂಗತಿ ಬೇರೆ. ಮೇಲ್ಪದರದಲ್ಲಿ ಅದು ಅರ್ಧವಾಗಲು 9ರಿಂದ 15 ವರ್ಷ, ಆಳದಲ್ಲಿ 25ರಿಂದ 100 ವರ್ಷ ಬೇಕು.

ವಾಯುನೆಲೆಯಲ್ಲಿ ಆದದ್ದು ಈ ಎರಡನೆಯದು. 208 ಲೀಟರಿನ ಡ್ರಮ್ಮುಗಳನ್ನು ಅಲ್ಲೇ ಪೇರಿಸಿಡುತ್ತಿದ್ದರು, ಅಲ್ಲೇ ಪಂಪು ಹಚ್ಚಿ ಸಿ-123 ವಿಮಾನಗಳ ಟ್ಯಾಂಕಿಗೆ ತುಂಬುತ್ತಿದ್ದರು, ಹಾರಿ ಬಂದ ವಿಮಾನವನ್ನು ಅಲ್ಲೇ ತೊಳೆಯುತ್ತಿದ್ದರು. ಸೋರಿದ್ದೂ ಚೆಲ್ಲಿದ್ದೂ ತೊಳೆದ ನೀರೂ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಇಂಗಿದವು. ಬಿಯೆನ್ ಹೋವಾದಲ್ಲಂತೂ 1970ರ ಸುಮಾರಿಗೆ ಸಾವಿರಾರು ಲೀಟರು ಒಮ್ಮೆಗೇ ಸೋರಿಹೋಗಿತ್ತು.

ಡಯಾಕ್ಸಿನ್ ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಅದು ಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಂಡು, ಮಳೆ ಬಂದಾಗ ಕೆಸರಿನ ಜೊತೆಗೆ ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋಗುತ್ತದೆ. ಹೀಗಾಗಿ ಡಾ ನಾಂಗ್‌ನಲ್ಲಿ ಡ್ರಮ್ಮು ಪೇರಿಸಿದ ಜಾಗ, ವಿಮಾನಕ್ಕೆ ತುಂಬಿದ ಜಾಗ, ಅವುಗಳ ಚರಂಡಿ, ಚರಂಡಿ ಸೇರುವ ಸೆನ್ ಕೆರೆ ಎಲ್ಲವೂ ಒಂದೇ ಸರಪಳಿ. ಜನರ ಮೈ ಸೇರಿದ್ದು ಬಹುಪಾಲು ಕೆರೆಯ ಮೀನಿನ ಕೊಬ್ಬಿನಿಂದ. ಮನುಷ್ಯನ ದೇಹದಲ್ಲಿ ಇದು ಅರ್ಧವಾಗಲು 7ರಿಂದ 11 ವರ್ಷ ಹಿಡಿಯುತ್ತದೆ. ಆದ್ದರಿಂದ ಮಣ್ಣಿಗೆ ಕೈ ಹಚ್ಚುವ ಮೊದಲೇ ಮಾಡಬೇಕಾದದ್ದು ನೆಲೆಯ ಕೆರೆಗಳಲ್ಲಿ ಮೀನು ಹಿಡಿಯುವುದನ್ನು, ತಾವರೆ ಕೊಯ್ಯುವುದನ್ನು ನಿಲ್ಲಿಸುವುದು. ಡಾ ನಾಂಗ್‌ನಲ್ಲಿ ಅದನ್ನೇ ಮಾಡಿದರು. ಜೊತೆಗೆ 2007ರ ಹೊತ್ತಿಗೆ ವಿಮಾನಕ್ಕೆ ತುಂಬುತ್ತಿದ್ದ ಜಾಗಕ್ಕೆ ಕಾಂಕ್ರೀಟು ಮುಚ್ಚಿ, ಚರಂಡಿಗೆ ಶೋಧಕ ಕಟ್ಟಿದರು. ಇದಕ್ಕೆ ಹಣ ಕೊಟ್ಟದ್ದು ಫೋರ್ಡ್ ಪ್ರತಿಷ್ಠಾನ. ಇಡೀ ಯೋಜನೆಯ ವೆಚ್ಚದ ಮುಂದೆ ಇದು ಚಿಲ್ಲರೆ ಮೊತ್ತ, ಆದರೆ ಹೆಚ್ಚು ಆರೋಗ್ಯ ಕಾಪಾಡಿದ್ದು ಬಹುಶಃ ಈ ಕೆಲಸವೇ ಎಂದು ನನ್ನ ಅಭಿಪ್ರಾಯ.

ಇನ್ನು ಅಂದಾಜು. ಅಳತೆಯ ಮಾನ ಪಿಪಿಟಿ, ಅಂದರೆ 10 ಲಕ್ಷ ಟನ್ ಮಣ್ಣಿಗೆ 1 ಗ್ರಾಂ. ಇಂಥ ಜಾಗಗಳಿಗೆ ವಿಯೆಟ್ನಾಂನ 2009ರ ಮಾನದಂಡ ಇಟ್ಟ ಗೆರೆ ಮಣ್ಣಿಗೆ 1,000 ಪಿಪಿಟಿ, ಕೆರೆಯ ಹೂಳಿಗೆ 150 ಪಿಪಿಟಿ. ಡಾ ನಾಂಗ್‌ನ ಒಂದು ಮಾದರಿಯಲ್ಲಿ 3,65,000 ಪಿಪಿಟಿ ಸಿಕ್ಕಿತ್ತು, ಅಂದರೆ ಟನ್ನಿಗೆ ಗ್ರಾಮಿನ ಮೂರನೇ ಒಂದು ಪಾಲು. ಇಷ್ಟು ವಿಷ ಒಂದು ಕಡೆ, ಹತ್ತು ಹೆಜ್ಜೆ ಆಚೆ ಬಹುತೇಕ ಏನೂ ಇಲ್ಲ. ಹೀಗಿರುವಾಗ ಅಲ್ಲೊಂದು ಇಲ್ಲೊಂದು ಬೊಗಸೆ ಮಣ್ಣು ತೆಗೆದು ನಡುವಿನದನ್ನು ಗೆರೆ ಎಳೆದು ಊಹಿಸಿದರೆ ಲೆಕ್ಕ ಕೆಡುತ್ತದೆ. ಆಳದ ವಿಷಯದಲ್ಲಿ ಇನ್ನೂ ಹೆಚ್ಚು ಕೆಡುತ್ತದೆ. ಡಯಾಕ್ಸಿನ್ ತಾನಾಗಿ ಇಳಿಯುವುದಿಲ್ಲ ನಿಜ, ಆದರೆ ಡೀಸೆಲ್, ವಿಮಾನದ ಇಂಧನ, ಸ್ವತಃ ಆ ಕಳೆನಾಶಕದ ಎಣ್ಣೆ ಇವುಗಳಲ್ಲಿ ಕರಗಿ ಅವು ಹೋದಷ್ಟು ಆಳಕ್ಕೆ ಹೋಗುತ್ತದೆ. ಮೇಲಾಗಿ ಯುದ್ಧದ ನಂತರ ನೆಲೆಯಲ್ಲಿ ನೆಲ ಸಮ ಮಾಡಿದ್ದಾರೆ, ಚರಂಡಿ ತೋಡಿದ್ದಾರೆ, ಕೆಟ್ಟ ಮಣ್ಣಿನ ಮೇಲೆ ಒಳ್ಳೆ ಮಣ್ಣು ಹಾಸಿದ್ದಾರೆ. ಮೇಲಿನ ಮಾದರಿ ಶುದ್ಧ, ಕೆಳಗೆ ವಿಷ.

ಸರಿಯಾದ ಕ್ರಮ ಹೀಗಿದೆ. ಜಾಗವನ್ನು ತುಂಡು ತುಂಡಾಗಿ ಗುರುತಿಸಿ, ಒಂದೊಂದು ತುಂಡಿನಲ್ಲಿ ಹರಡಿಕೊಂಡಂತೆ ಹತ್ತಾರು ಕಡೆಯಿಂದ ಒಂದೇ ಅಳತೆಯ ಮಣ್ಣು ತೆಗೆದು, ಎಲ್ಲವನ್ನೂ ಒಣಗಿಸಿ, ಪುಡಿಮಾಡಿ, ಬೆರೆಸಿ ಒಂದೇ ಮಾದರಿ ಮಾಡಬೇಕು. ಅದೇ ತುಂಡಿನಿಂದ ಹೀಗೆ ಮೂರು ಸಲ ಬೇರೆಬೇರೆಯಾಗಿ ತೆಗೆದು, ಮೂರರ ಫಲಿತಾಂಶ ಹತ್ತಿರವಿದ್ದರೆ ಮಾತ್ರ ನಂಬಬೇಕು. ಅಗೆದ ಮೇಲೆ ಗುಂಡಿಯ ತಳಕ್ಕೂ ಗೋಡೆಗೂ ಇದನ್ನೇ ಮಾಡಬೇಕು, ಮಿತಿ ಮೀರಿದ್ದರೆ ಇನ್ನೊಂದು ಪದರ ಅಗೆಯಬೇಕು. ಡಾ ನಾಂಗ್‌ನಲ್ಲಿ ಮಣ್ಣಿನ ಪ್ರಮಾಣ ಏರುತ್ತಾ ಹೋದದ್ದು ಈ ಅಗೆದ ಮೇಲಿನ ಪರೀಕ್ಷೆಯಲ್ಲೇ. ಒಟ್ಟು ಸುಮಾರು 1.5 ಲಕ್ಷ ಘನ ಮೀಟರ್ ಎತ್ತಿದರು. ಅದರಲ್ಲಿ ಕಾಯಿಸಿದ್ದು ಸುಮಾರು 90,000, ಉಳಿದ ಕಡಿಮೆ ಕೆಟ್ಟ ಮಣ್ಣನ್ನು ಬೇರೆಯಾಗಿ ಮುಚ್ಚಿಟ್ಟರು. ಖರ್ಚು ಮೊದಲ ಅಂದಾಜಿನ ಎರಡರಷ್ಟನ್ನೂ ದಾಟಿ ಸುಮಾರು 11 ಕೋಟಿ ಡಾಲರಿಗೆ ಮುಟ್ಟಿತು.

ಒಂದು ಕಿವಿಮಾತು. ವರದಿ ಓದುವಾಗ ಒಟ್ಟು ಡಯಾಕ್ಸಿನ್ ಸಮಾನಾಂಕದಲ್ಲಿ, ಅಂದರೆ ಬೇರೆಬೇರೆ ಡಯಾಕ್ಸಿನ್‌ಗಳ ವಿಷವನ್ನು ಒಂದೇ ಮಾನಕ್ಕೆ ತಂದು ಕೂಡಿದ ಮೊತ್ತದಲ್ಲಿ, ಟಿಸಿಡಿಡಿಯ ಪಾಲು ಎಷ್ಟೆಂದು ನೋಡಿ. ಶೇ. 90ರ ಆಸುಪಾಸಿದ್ದರೆ ಅದು ಏಜೆಂಟ್ ಆರೆಂಜ್‌ನ ಗುರುತು. ಕಸ ಸುಟ್ಟ ಹೊಗೆಯಿಂದ ಬಂದದ್ದಾದರೆ ಬೇರೆ ಡಯಾಕ್ಸಿನ್, ಅದೇ ಬಗೆಯ ಫ್ಯೂರಾನ್‌ಗಳದ್ದೇ ಮೇಲುಗೈ. ಯಾರ ಜವಾಬ್ದಾರಿ ಎಂಬ ವಾದ ಎದ್ದಾಗ ಎರಡೂ ಕಡೆಯವರು ಒಪ್ಪಬಹುದಾದ ಸಾಕ್ಷಿ ಇದು.

ಕುಲುಮೆ ಉತ್ತರ

335 ಡಿಗ್ರಿಯ ವಿಷಯ.

ಮೊದಲಿಗೆ, ಇದನ್ನು "ಮಣ್ಣು ಸುಟ್ಟರು" ಎಂದು ಬರೆಯುವುದು ತಪ್ಪು. ಬೆಂಕಿಯೇ ಇಲ್ಲ. ಇಟ್ಟಿಗೆ ಗೂಡನ್ನು ನೆನೆಸಿಕೊಳ್ಳಿ, ಆದರೆ ಸೌದೆಯ ಬದಲು ಗೂಡಿನ ತುಂಬ ವಿದ್ಯುತ್ ಕಾಯಿಲುಗಳು. ಹೊಗೆ ಮೇಲಕ್ಕೆ ಹೋಗುವ ಬದಲು ಎಲ್ಲ ಆವಿಯನ್ನೂ ಒಳಗಿನಿಂದಲೇ ಹೀರಿಕೊಳ್ಳುತ್ತಾರೆ.

ಡಾ ನಾಂಗ್‌ನ ಗೂಡು ಸುಮಾರು 70 ಮೀಟರ್ ಅಗಲ, 100 ಮೀಟರ್ ಉದ್ದದ್ದು, ಹತ್ತಿರ ಹತ್ತಿರ ಒಂದು ಫುಟ್‌ಬಾಲ್ ಮೈದಾನ. ಸುತ್ತ ಕಾಂಕ್ರೀಟ್ ಗೋಡೆ. ಒಳಗೆ ಮಣ್ಣು ತುಂಬಿ, ಮೇಲೆ ಶಾಖ ತಡೆಯುವ ಹಗುರ ಕಾಂಕ್ರೀಟಿನ ಹೊದಿಕೆ ಹಾಕಿದ್ದರು. ಹೊದಿಕೆಯ ಮೂಲಕ ನೆಟ್ಟಗೆ ಇಳಿಸಿದ ಸಾವಿರಕ್ಕೂ ಮಿಕ್ಕ ಉಕ್ಕಿನ ಕೊಳವೆಗಳಲ್ಲಿ ಹೀಟರುಗಳು. ನಡುನಡುವೆ ಆವಿ ಹೀರುವ ಕೊಳವೆಗಳು ಮತ್ತು ಬೇರೆಬೇರೆ ಆಳದಲ್ಲಿ ಉಷ್ಣತೆ ಅಳೆಯುವ ತಂತಿಗಳು. ಒಂದು ಸಲಕ್ಕೆ ಸುಮಾರು 45,000 ಘನ ಮೀಟರ್, ಹೀಗೆ ಎರಡು ಸಲ.

ಶಾಖ ಹರಡುವುದು ಮಣ್ಣಿನ ಕಣದಿಂದ ಕಣಕ್ಕೆ. ಈ ಪದ್ಧತಿಯ ದೊಡ್ಡ ಬಲ ಇರುವುದು ಇಲ್ಲೇ. ನೀರನ್ನೋ ರಾಸಾಯನಿಕವನ್ನೋ ಹಾಯಿಸಿ ತೊಳೆಯಹೊರಟರೆ ಮರಳಿನಲ್ಲಿ ಸುಲಭವಾಗಿ ಹಾಯುತ್ತದೆ, ಜೇಡಿಯಲ್ಲಿ ಹಾಯುವುದೇ ಇಲ್ಲ. ಎರಡರ ನಡುವೆ ಲಕ್ಷಪಟ್ಟು ವ್ಯತ್ಯಾಸ. ಶಾಖಕ್ಕೆ ಮರಳಾದರೇನು, ಜೇಡಿಯಾದರೇನು, ವ್ಯತ್ಯಾಸ ಎರಡು ಮೂರು ಪಟ್ಟು ಅಷ್ಟೆ.

ಕಾಯುವಿಕೆ ಮೂರು ಹಂತದಲ್ಲಿ ಸಾಗುತ್ತದೆ. ಮೊದಲು 100 ಡಿಗ್ರಿವರೆಗೆ ಏರುತ್ತದೆ. ಆಮೇಲೆ ವಾರಗಟ್ಟಲೆ ಮುಳ್ಳು 100ರಲ್ಲೇ ನಿಂತುಬಿಡುತ್ತದೆ. ಒಳಗಿನ ನೀರೆಲ್ಲ ಆವಿಯಾಗುವವರೆಗೂ ಮೇಲೇರುವುದಿಲ್ಲ. ನೀರು ಮುಗಿದ ಮೇಲೆ ಮತ್ತೆ ಏರಿ 335 ಮುಟ್ಟುತ್ತದೆ. ಅತ್ಯಂತ ತಣ್ಣಗಿರುವ ಬಿಂದುಗಳಲ್ಲೂ ಗುರಿ ಮುಟ್ಟಿದೆಯೆಂದು ಖಚಿತವಾದ ಮೇಲೆ 21 ದಿನ ಹಾಗೇ ಹಿಡಿದಿಡಬೇಕು.

ಕುದಿಯುವ ಬಿಂದುವಿನ ಪ್ರಶ್ನೆಗೆ ಉತ್ತರ ಈ 21 ದಿನದಲ್ಲಿದೆ. ಒದ್ದೆ ಬಟ್ಟೆ ಒಣಗಲು 100 ಡಿಗ್ರಿ ಬೇಕಿಲ್ಲವಲ್ಲ? ಕುದಿಯುವ ಬಿಂದುವಿಗಿಂತ ಕೆಳಗೂ ಆವಿ ಏಳುತ್ತದೆ, ಸಮಯ ಹೆಚ್ಚು ಬೇಕು. ಮಣ್ಣಿನಲ್ಲಿ ಡಯಾಕ್ಸಿನ್ ದ್ರವದ ಕೊಳವಾಗಿಲ್ಲ, ಕಣಗಳ ಮೇಲೆ ಅಂಟಿದ ಅಣುಗಳಾಗಿದೆ. 335ರಲ್ಲಿ ಅವು ಬಿಟ್ಟುಕೊಂಡು, ಕಾದ ಮಣ್ಣಿನ ಮೂಲಕ ನಿಧಾನವಾಗಿ ಸಾಗುತ್ತಾ, ಹೀಟರಿನ ಹತ್ತಿರದ 700 ಡಿಗ್ರಿಗೂ ಮಿಕ್ಕ ವಲಯಗಳನ್ನು ಹಾಯ್ದು ಅಲ್ಲೇ ಒಡೆಯುತ್ತವೆ. ಬಹುಪಾಲು ನಾಶವಾಗುವುದು ಗೂಡಿನೊಳಗೇ. ಒಡೆಯದೆ ಹೊರಬಂದದ್ದು ತಣಿಸುವ ಯಂತ್ರದಲ್ಲಿ ನೀರಿನ ಜೊತೆ ಇಳಿಯುತ್ತದೆ. ಆ ನೀರನ್ನೂ ಉಳಿದ ಗಾಳಿಯನ್ನೂ ಬೇರೆಬೇರೆಯಾಗಿ ಸಕ್ರಿಯ ಇದ್ದಿಲಿನ ತೊಟ್ಟಿಗಳಲ್ಲಿ ಹಾಯಿಸಿ, ಪರೀಕ್ಷಿಸಿ ಬಿಡುತ್ತಾರೆ.

ತೊಂದರೆ ಎಲ್ಲಿ ಬರುತ್ತದೆ? ನೀರಿನಲ್ಲಿ. ಲೆಕ್ಕ ನೋಡಿ. ಒಂದು ಕಿಲೋ ಒಣಮಣ್ಣನ್ನು 25ರಿಂದ 335 ಡಿಗ್ರಿಗೆ ಏರಿಸಲು ಸುಮಾರು 300 ಕಿಲೋಜೌಲ್ ಸಾಕು. ಅದರಲ್ಲಿ 200 ಗ್ರಾಂ ನೀರಿದ್ದರೆ ಆ ನೀರನ್ನು ಆವಿ ಮಾಡಲಿಕ್ಕೇ ಸುಮಾರು 500 ಕಿಲೋಜೌಲ್ ಬೇಕು. ಮಣ್ಣಿಗಿಂತ ನೀರಿನ ಖರ್ಚೇ ಜಾಸ್ತಿ. ಎರಡೂ ಸೇರಿ ಘನ ಮೀಟರಿಗೆ ಕನಿಷ್ಠ 330 ಯೂನಿಟ್ ವಿದ್ಯುತ್, ಗೋಡೆ ಹೊದಿಕೆಗಳಿಂದ ಸೋರುವ ಶಾಖ ಬೇರೆ. 45,000 ಘನ ಮೀಟರಿಗೆ ಒಂದೂವರೆ ಕೋಟಿ ಯೂನಿಟ್ ದಾಟುತ್ತದೆ. ಕೆರೆಯ ಹೂಳನ್ನು ಬಸಿದು ಒಣಗಿಸದೆ ತುಂಬಿದರೆ ಈ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಮಳೆಯದೂ ಅದೇ ಕಥೆ. ಡಾ ನಾಂಗ್‌ನಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಬಿರುಸು ಮಳೆ. ಅಷ್ಟಗಲದ ಗೂಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 700 ಘನ ಮೀಟರ್ ನೀರು. ಹೊದಿಕೆ ಬಿರುಕು ಬಿಟ್ಟು ಅದು ಒಳಗಿಳಿದರೆ ಮತ್ತೆ ಆವಿ ಮಾಡಲು ಸುಮಾರು 5 ಲಕ್ಷ ಯೂನಿಟ್ ದಂಡ. ಹೊದಿಕೆಗೆ ಇಳಿಜಾರು ಕೊಡುವುದು, ಕೊಳವೆ ಹೊದಿಕೆಯನ್ನು ಹಾಯುವ ಕಡೆ ಬಿಗಿಯಾಗಿ ಮೆತ್ತುವುದು, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ನೋಡುವುದು, ಇವನ್ನು ಸಣ್ಣ ಕೆಲಸವೆಂದು ಬಿಟ್ಟರೆ ಗೂಡಿನ ಮೂಲೆಗಳು 335 ಮುಟ್ಟುವುದೇ ಇಲ್ಲ.

ತುಂಗೆದಂಡೆ

ಕುಲುಮೆಯವರೇ, ಇನ್ನೊಂದು ಅನುಮಾನ. ಕಸ ಸುಡುವ ಕುಲುಮೆಗಳ ಹೊಗೆಯಲ್ಲಿ 200ರಿಂದ 450 ಡಿಗ್ರಿ ನಡುವೆ ಡಯಾಕ್ಸಿನ್ ಹೊಸದಾಗಿ ಹುಟ್ಟುತ್ತದೆ ಅನ್ನುತ್ತಾರಲ್ಲ. 335 ಸರಿಯಾಗಿ ಅದರ ನಡುವೆ ಇದೆ.

ಕುಲುಮೆ

ಕೇಳಲೇಬೇಕಾದ ಪ್ರಶ್ನೆ. ಹೊಸದಾಗಿ ಹುಟ್ಟಲು ಶಾಖವೊಂದೇ ಸಾಲದು. ಇಂಗಾಲ, ಕ್ಲೋರಿನ್, ಆಮ್ಲಜನಕ, ಜೊತೆಗೆ ತಾಮ್ರದಂಥ ಲೋಹದ ಹಾರುಬೂದಿ ಬೇಕು. ಕಸದ ಹೊಗೆಯಲ್ಲಿ ನಾಲ್ಕೂ ನಿರಂತರವಾಗಿ ಬರುತ್ತಿರುತ್ತವೆ. ಮುಚ್ಚಿದ ಗೂಡಿನಲ್ಲಿ ಹೊಸ ಕ್ಲೋರಿನ್ ಬರುವ ದಾರಿಯಿಲ್ಲ, ಆಮ್ಲಜನಕ ಕಡಿಮೆ, ಹಾರುಬೂದಿ ಇಲ್ಲ. ಅಲ್ಪಸ್ವಲ್ಪ ಹುಟ್ಟಿದರೂ 21 ದಿನ ಅದೇ ಶಾಖದಲ್ಲಿ ಕೂತು ಒಡೆಯುತ್ತದೆ. ಅಪಾಯದ ಜಾಗ ಗೂಡಿನಿಂದ ತಣಿಸುವ ಯಂತ್ರದವರೆಗಿನ ಕೊಳವೆ. ಅಲ್ಲಿ ಧೂಳು ಕೂತು, ಆವಿ ನಿಧಾನವಾಗಿ ತಣಿದರೆ ಕೆಟ್ಟದು. ಅದಕ್ಕೇ ಆವಿಯನ್ನು ತಟ್ಟನೆ ತಣಿಸಬೇಕು, ಇದ್ದಿಲಿನ ತೊಟ್ಟಿ ಒಂದರ ಹಿಂದೆ ಒಂದು ಎರಡಿರಬೇಕು. ಎರಡರ ನಡುವೆ ಮಾದರಿ ತೆಗೆದರೆ ಮೊದಲನೆಯದು ತುಂಬಿದ್ದು ತಿಳಿಯುತ್ತದೆ, ಎರಡನೆಯದು ಇನ್ನೂ ಹಿಡಿಯುತ್ತಿರುತ್ತದೆ.

ಗಡಿನಕ್ಷೆ ಉತ್ತರ

ಕೆಲಸ ಹಂಚಿಕೆಗೆ ಬರೋಣ. 2006ರ ನವೆಂಬರಿನಲ್ಲಿ ಎರಡೂ ದೇಶದ ಅಧ್ಯಕ್ಷರು, ಬುಷ್ ಮತ್ತು ಚ್ಯೆಟ್, ಹಳೆಯ ಡಯಾಕ್ಸಿನ್ ದಾಸ್ತಾನು ಜಾಗಗಳ ಶುದ್ಧೀಕರಣವನ್ನು ಜಂಟಿ ಹೇಳಿಕೆಯಲ್ಲಿ ಹೆಸರಿಸಿದರು. ಬಾಗಿಲು ತೆರೆದದ್ದು ಅದೇ. ಡಾ ನಾಂಗ್‌ನಲ್ಲಿ ಕೆಲಸ ಶುರುವಾದದ್ದು 2012ರ ಆಗಸ್ಟ್ 9ರಂದು, ಮುಗಿದದ್ದು 2018ರ ನವೆಂಬರಿನಲ್ಲಿ.

ಜಾಗದ ಒಡೆತನ ವಿಯೆಟ್ನಾಂ ರಕ್ಷಣಾ ಸಚಿವಾಲಯದ್ದು, ಸ್ಥಳದ ಹೊಣೆ ಅದರ ವಾಯುರಕ್ಷಣೆ ಮತ್ತು ವಾಯುಪಡೆ ಕಮಾಂಡಿನದ್ದು. ಅಮೆರಿಕದ ಕಡೆಯಿಂದ ಯೋಜನೆ ನಡೆಸಿದ್ದು ಸೇನೆಯಲ್ಲ, ಅದರ ನೆರವು ಸಂಸ್ಥೆ ಯುಎಸ್‌ಎಐಡಿ. ಇದು ಬೇಕೆಂದೇ ಮಾಡಿದ ಏರ್ಪಾಡು ಎಂದು ನನ್ನ ಓದು. ಚಾಲ್ತಿಯಲ್ಲಿರುವ ವಾಯುನೆಲೆಯೊಳಗೆ ಇನ್ನೊಂದು ದೇಶದ ಸಮವಸ್ತ್ರ ಓಡಾಡುವುದಕ್ಕಿಂತ ಗುತ್ತಿಗೆದಾರರ ಹೆಲ್ಮೆಟ್ ಓಡಾಡುವುದನ್ನು ಎರಡೂ ಕಡೆ ಒಪ್ಪುವುದು ಸುಲಭ. ಬಿಯೆನ್ ಹೋವಾದಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಮೊದಲು ಘೋಷಿಸಿದ 30 ಕೋಟಿ ಡಾಲರಿನಲ್ಲಿ ಅರ್ಧ ಅಮೆರಿಕದ ರಕ್ಷಣಾ ಇಲಾಖೆಯದ್ದೇ.

ಹಣಕ್ಕಿಂತ ಮೊದಲು ಸೇನೆಗಳು ಕೊಡಬೇಕಾದದ್ದು ಎರಡು. ಅಮೆರಿಕದ ಕಡೆಯಿಂದ ದಾಖಲೆ: ಡ್ರಮ್ಮು ಎಲ್ಲಿ ಪೇರಿಸಿದ್ದರು, ಎಲ್ಲಿ ತುಂಬಿದರು, ಉಳಿದದ್ದನ್ನು ವಾಪಸು ಸಾಗಿಸುವಾಗ ಎಲ್ಲಿ ಹೊಸ ಡ್ರಮ್ಮಿಗೆ ಬದಲಿಸಿದರು. ಬಿಯೆನ್ ಹೋವಾದ ಅತಿ ಕೆಟ್ಟ ಭಾಗಗಳಲ್ಲಿ ಒಂದನ್ನು ಇವತ್ತಿಗೂ "ಪೇಸರ್ ಐವಿ" ಪ್ರದೇಶ ಎಂದೇ ಕರೆಯುತ್ತಾರೆ. 1970ರ ದಶಕದ ಆರಂಭದಲ್ಲಿ ಉಳಿಕೆ ಡ್ರಮ್ಮುಗಳನ್ನು ಒಟ್ಟುಗೂಡಿಸಿ ಪೆಸಿಫಿಕ್ ಸಾಗರದ ಜಾನ್‌ಸ್ಟನ್ ದ್ವೀಪಕ್ಕೆ ಕಳಿಸಿದ ಕಾರ್ಯಾಚರಣೆಯ ಹೆಸರು ಅದು. ವಿಯೆಟ್ನಾಂ ಕಡೆಯಿಂದ ಸ್ಫೋಟಕ ತೆರವು: ಯುದ್ಧಕಾಲದ ವಾಯುನೆಲೆಯಲ್ಲಿ ಮಾದರಿ ತೆಗೆಯಲು ಕೊರೆಯುವ ಮೊದಲು ಮಣ್ಣಿನಲ್ಲಿ ಸಿಡಿಯದ ಬಾಂಬಿಲ್ಲವೆಂದು ಖಚಿತವಾಗಬೇಕು. ಈ ಕೆಲಸವನ್ನು ಅವರ ಸೇನೆಯೇ ಮಾಡಿತು. ತೆರವು ಎಷ್ಟು ಆಳಕ್ಕೆ ಎಂಬುದನ್ನು ಒಪ್ಪಂದದಲ್ಲೇ ಬರೆದಿರಬೇಕು. ಒಂದು ಮೀಟರಿಗೆ ತೆರವಾಗಿ ಮಾಲಿನ್ಯ ಎರಡು ಮೀಟರಿಗೆ ಹೋದರೆ ಅಗೆತ ನಿಲ್ಲಿಸಿ ಮತ್ತೆ ತೆರವಿಗೆ ಕಾಯಬೇಕಾಗುತ್ತದೆ.

ಇನ್ನು ಮಿತಿಯ ಗೆರೆ. ವಿಯೆಟ್ನಾಂನ 2012ರ ನಿಯಮದಲ್ಲಿ ಗೆರೆ ಭೂಮಿಯ ಬಳಕೆಯ ಮೇಲೆ ಬದಲಾಗುತ್ತಿತ್ತು: ವಾರ್ಷಿಕ ಬೆಳೆಯ ಹೊಲಕ್ಕೆ 40 ಪಿಪಿಟಿ, ನಗರದ ವಸತಿಗೆ 300, ಕೈಗಾರಿಕೆಗೆ 1,200. ಒಂದೇ ಜಾಗವನ್ನು ಮುಂದೆ ಏನು ಮಾಡುತ್ತೀರಿ ಎಂಬುದರ ಮೇಲೆ ಎತ್ತಬೇಕಾದ ಮಣ್ಣು ಹಲವು ಪಟ್ಟು ಹೆಚ್ಚಬಹುದು. ಭೂಮಿಯ ಒಡೆಯ ಸೇನೆ, ಖರ್ಚು ಕೊಡುವವರು ಬೇರೆಯವರು ಆದಾಗ ಈ ಒಂದು ಸಾಲನ್ನು ಮೊದಲೇ ತೀರ್ಮಾನಿಸದಿದ್ದರೆ ಮುಂದಿನ ಎಲ್ಲ ಜಗಳಕ್ಕೂ ಅದೇ ಬೀಜ.

ಮಣ್ಣುಪರೀಕ್ಷೆ

ಗಡಿನಕ್ಷೆಯವರ ಕೊನೆಯ ಮಾತಿಗೆ ಸೇರಿಸುವುದಿದೆ. ಎಲ್ಲವನ್ನೂ ಕಾಯಿಸಲೇಬೇಕೆಂದಿಲ್ಲ. ಮೂರನೆಯ ನೆಲೆ ಫು ಕಾಟ್‌ನಲ್ಲಿ ಸುಮಾರು 7,500 ಘನ ಮೀಟರ್ ಮಣ್ಣನ್ನು 2012ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಭದ್ರ ಗುಂಡಿಯಲ್ಲಿ ಹೂತು ಮುಚ್ಚಿದರು. ಅಷ್ಟು ಕಡಿಮೆ ಮಣ್ಣಿಗೆ ಅದು ಸರಿಯಾದ ತೀರ್ಮಾನ. ಆದರೆ ಹೂತದ್ದು ನಾಶವಾಗಿಲ್ಲ. ಸುತ್ತಲಿನ ಬಾವಿಗಳ ಪರೀಕ್ಷೆ, ಹೊದಿಕೆಯ ಮೇಲೆ ಮರ ಬೇರು ಬಿಡದಂತೆ ಕಾವಲು, ಇವು ತಲೆಮಾರುಗಳ ಕೆಲಸ. ಬಿಯೆನ್ ಹೋವಾದಲ್ಲಿ ಸುಮಾರು 5 ಲಕ್ಷ ಘನ ಮೀಟರ್ ಇದೆ, ಸುತ್ತ ದೊಡ್ಡ ನಗರ, ಹತ್ತಿರವೇ ಡೊಂಗ್ ನಾಯ್ ನದಿ. ಅಲ್ಲಿ ಹೆಚ್ಚು ಕೆಟ್ಟದ್ದನ್ನು ಕಾಯಿಸಿ ಕಡಿಮೆ ಕೆಟ್ಟದ್ದನ್ನು ಹೂಳುವ ಬೆರಕೆ ದಾರಿಯೇ ಉಚಿತ.

ತುಂಗೆದಂಡೆ

ಎಲ್ಲರಿಗೂ ಧನ್ಯವಾದ. 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿದಾಗ ಬಿಯೆನ್ ಹೋವಾದ ಕೆಲಸ ಕೆಲವು ವಾರ ನಿಂತಿತ್ತಲ್ಲ. ಅಗೆದ ಗುಂಡಿ ಬಾಯಿ ತೆರೆದುಕೊಂಡಿರುವಾಗ ಹಣ ನಿಂತರೆ ಮೊದಲು ಏನನ್ನು ಕಾಪಾಡಬೇಕು?

ಮಣ್ಣುಪರೀಕ್ಷೆ

ನೀರನ್ನು. ಅಲ್ಲಿ ಮೇ ತಿಂಗಳಿಗೆ ಮಳೆ ಹಿಡಿಯುತ್ತದೆ, ಅಷ್ಟರೊಳಗೆ ಇಷ್ಟಾಗಬೇಕು. ಎತ್ತಿ ರಾಶಿ ಹಾಕಿದ ಮಣ್ಣಿಗೆ ದಪ್ಪ ಪ್ಲಾಸ್ಟಿಕ್ ಹೊದಿಕೆ. ಅಂಚನ್ನು ಕಾಲುವೆ ತೋಡಿ ಅದರೊಳಗೆ ಹೂತಿರಬೇಕು, ಬರೀ ಮರಳುಚೀಲದ ಭಾರಕ್ಕೆ ಬಿರುಗಾಳಿ ನಿಲ್ಲದು. ಹೊರಗಿನ ಮಳೆನೀರು ಗುಂಡಿಗೆ ಇಳಿಯದಂತೆ ಸುತ್ತ ಬದು. ಗುಂಡಿಯಲ್ಲಿ ನಿಂತ ನೀರನ್ನು ಚರಂಡಿಗೆ ಬಿಡದೆ ಮೊದಲು ತೊಟ್ಟಿಗೆ ಎತ್ತಿ ಕೆಸರು ತಳಕ್ಕೆ ಇಳಿಯಲು ಬಿಡಬೇಕು, ಏಕೆಂದರೆ ವಿಷ ಇರುವುದು ಕೆಸರಿನಲ್ಲಿ. ತಿಳಿಯಾದ ನೀರನ್ನು ಮರಳು, ಆಮೇಲೆ ಇದ್ದಿಲಿನ ಮೂಲಕ ಹಾಯಿಸಿ ಪರೀಕ್ಷಿಸಿ ಬಿಡಬೇಕು. ಪಂಪು ಓಡಿಸುವ ಇಬ್ಬರು, ಡೀಸೆಲ್, ಹೊದಿಕೆ ಹರಿದರೆ ಹಚ್ಚುವ ತೇಪೆ ಇಷ್ಟು ಖರ್ಚನ್ನು ಯೋಜನೆಯ ಹಣದಿಂದ ಬೇರೆಯಾಗಿ, ಆತಿಥೇಯ ಸೇನೆಯ ಕೈಯಲ್ಲೇ ಇರಿಸುವ ಕಲಮು ಒಪ್ಪಂದದಲ್ಲಿರಬೇಕು. ಒಂದು ಸಲಕ್ಕೆ ಎಷ್ಟು ಜಾಗ ತೆರೆದಿರಬಹುದು ಎಂಬ ಮಿತಿಯನ್ನೂ ಅಲ್ಲೇ ಬರೆಯಬೇಕು: ಕೈಯಲ್ಲಿರುವ ಹೊದಿಕೆಯಿಂದ ಒಂದು ದಿನದಲ್ಲಿ ಮುಚ್ಚಲಾಗುವಷ್ಟು, ಅದಕ್ಕಿಂತ ಒಂದು ಗಜವೂ ಹೆಚ್ಚಿಲ್ಲ.